ನನ್ನ ಕೈಬರಹದ ಪಟ್ಟಿ ಠಾಣೆಯ ಮೇಜಿನ ಮೇಲಿತ್ತು

ಪೊಲೀಸ್ ಠಾಣೆಯಲ್ಲಿ ಕಡತ ಬರೆಯುವ ರೈಟರ್ ಅವರ ಮೇಜಿನ ಮೇಲೆ, ಗಾಜಿನ ತೂಕದ ಗುಂಡಿನಡಿ ಒಂದು ಜೆರಾಕ್ಸ್ ಹಾಳೆ ಇತ್ತು. ತಲೆಕೆಳಗಾಗಿ ಕಂಡರೂ ಅದು ನನ್ನ ಅಕ್ಷರ ಎಂದು ತಿಳಿಯಿತು. 'ಳ' ಬರೆಯುವಾಗ ನಾನು ಅದರ ಬಾಲವನ್ನು ಕೆಳಗಿನ ಗೆರೆಯವರೆಗೂ ಎಳೆಯುತ್ತೇನೆ. ಶಾಲೆಯಲ್ಲಿ ಮೇಷ್ಟ್ರು ಎಷ್ಟು ಬೈದರೂ ಬಿಡದ ಅಭ್ಯಾಸ ಅದು. ಹಾಳೆಯಲ್ಲಿ ಹತ್ತೊಂಬತ್ತು ಹುಡುಗರ ಹೆಸರು, ವಯಸ್ಸು, ಮನೆಯ ಗುರುತು. ಏಳು ಹೆಸರುಗಳ ಮುಂದೆ ಚುಕ್ಕೆ. ನಾನು ಇಟ್ಟಿದ್ದು ಕೆಂಪು ಚುಕ್ಕೆ, ಜೆರಾಕ್ಸಿನಲ್ಲಿ ಕಪ್ಪಾಗಿತ್ತು. ಆ ಏಳರಲ್ಲಿ ಒಬ್ಬ ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕುಳಿತಿದ್ದ.

ಇದು ನಡೆದು ಒಂದು ವರ್ಷ ದಾಟಿದೆ. ಇಂದಿಗೂ ಯಾವುದೇ ನಮೂನೆಯಲ್ಲಿ ಹೆಸರು ತುಂಬಿಸಲು ಕುಳಿತರೆ ಆ ಹಾಳೆ ಕಣ್ಣ ಮುಂದೆ ಬರುತ್ತದೆ.

ನಮ್ಮದು ಬೆಂಗಳೂರಿನ ಒಂದು ಬಡಾವಣೆಯ ಸಣ್ಣ ಸಂಸ್ಥೆ. ಹದಿಹರೆಯದ ಹುಡುಗರು ಕಳ್ಳತನ, ಹೊಡೆದಾಟ, ನಶೆಯ ದಾರಿ ಹಿಡಿಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ದಿನವೂ ಸಂಜೆ ಐದೂವರೆಯಿಂದ ಎಂಟರವರೆಗೆ ಕೇಂದ್ರ ತೆರೆದಿರುತ್ತದೆ. ಎರಡು ಕೇರಂ ಬೋರ್ಡು, ಮನೆಪಾಠ, ಹೊರಗಿನ ಓಣಿಯಲ್ಲಿ ಚೆಂಡಾಟ, ಶನಿವಾರ ಕಬಡ್ಡಿ. ಈ ಸಮಯವನ್ನು ನಾವು ಸುಮ್ಮನೆ ಆರಿಸಿಕೊಂಡಿಲ್ಲ. ಇಲ್ಲಿನ ತಾಯಂದಿರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು. ಬಸ್ ಇಳಿದು ಮನೆ ಸೇರುವಾಗ ಏಳು, ಏಳೂವರೆ ಆಗುತ್ತದೆ. ತಂದೆಯರಲ್ಲಿ ಹಲವರು ಕೆ.ಆರ್. ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದವರು ಸಂಜೆ ಆರಕ್ಕೆಲ್ಲ ಮಲಗಿರುತ್ತಾರೆ. ಶಾಲೆ ಬಿಟ್ಟ ಹೊತ್ತಿನಿಂದ ತಾಯಿ ಬರುವ ಹೊತ್ತಿನವರೆಗೆ ಹುಡುಗ ಯಾರವನೂ ಅಲ್ಲ. ನಶೆಗೆಂದು ಮೂಸುವ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಟ್ಯೂಬು ಕೈಗೆ ಬರುವುದು ಆಗಲೇ, 'ಈ ಪೊಟ್ಟಣ ಆ ಮೂಲೆಗೆ ಕೊಟ್ಟು ಬಾ, ನೂರು ರೂಪಾಯಿ ಕೊಡುತ್ತೇನೆ' ಎನ್ನುವ ಅಣ್ಣಂದಿರು ಸಿಗುವುದೂ ಆಗಲೇ.

ಪಟ್ಟಿಯ ಕಥೆಗೆ ಬರುತ್ತೇನೆ. ಹಣ ಕೊಡುವವರು ಹೊಸ ನಮೂನೆ ಕಳುಹಿಸಿದ್ದರು. ಪ್ರತಿ ಹುಡುಗನನ್ನೂ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಬೇಕು. ತಿಂಗಳ ವರದಿಯಲ್ಲಿ ಎಷ್ಟು ಕೆಂಪು ಹಳದಿಗೆ ಇಳಿಯಿತು ಎಂದು ತೋರಿಸಬೇಕು. ತಿಂಗಳಿಗೂ ಹೆಚ್ಚು ಕಾಲ ಶಾಲೆ ತಪ್ಪಿಸಿದ್ದರೆ ಕೆಂಪು. ನಶೆಯ ಸಂಶಯವಿದ್ದರೆ ಕೆಂಪು. ಮನೆಯಲ್ಲಿ ಯಾರ ಮೇಲಾದರೂ ಕೇಸ್ ಇದ್ದರೆ ಕೆಂಪು. ನಾನು ಹೋಮ್ ವಿಸಿಟ್ ಮಾಡಿ, ತಾಯಂದಿರ ಪಕ್ಕದಲ್ಲಿ ಕುಳಿತು, ಅವರು ಕೊಟ್ಟ ಚಹಾ ಕುಡಿದು, ಅವರು ನಂಬಿ ಹೇಳಿದ್ದನ್ನು ತಂದು ಆ ಕಾಲಮುಗಳಿಗೆ ಇಳಿಸಿದೆ. ಬೆಂಚಿನ ಮೇಲೆ ಕುಳಿತಿದ್ದ ಹುಡುಗನಿಗೆ ಆಗ ಹದಿನೈದು ವರ್ಷ. ಅವನು ಶಾಲೆ ತಪ್ಪಿಸುವವನಲ್ಲ, ಬೀಡಿಯನ್ನೂ ಮುಟ್ಟಿದವನಲ್ಲ. ಅವನ ಅಣ್ಣ ಪರಪ್ಪನ ಅಗ್ರಹಾರದಲ್ಲಿದ್ದ. ಅಷ್ಟಕ್ಕೇ ಅವನು ಕೆಂಪು.

ಆ ಪಟ್ಟಿಯನ್ನು ಠಾಣೆಗೆ ಕೊಟ್ಟವಳು ನಾನೇ. ಯಾರೂ ಕದ್ದಿಲ್ಲ, ಯಾರೂ ಬಲವಂತ ಮಾಡಿಲ್ಲ. ನಮ್ಮ ಬೀಟ್ ಪೊಲೀಸರು ಒಳ್ಳೆಯವರು. ಕಬಡ್ಡಿ ಪಂದ್ಯಕ್ಕೆ ಬಂದು ತಮ್ಮ ಕೈಯಿಂದಲೇ ಬಹುಮಾನ ಕೊಟ್ಟಿದ್ದರು. "ಯಾವ ಹುಡುಗರ ಕಡೆ ಗಮನ ಕೊಡಬೇಕು ಹೇಳಿ ಮೇಡಂ, ನಾವೂ ನಾಲ್ಕು ಬುದ್ಧಿಮಾತು ಹೇಳುತ್ತೇವೆ" ಎಂದರು. ಪೊಲೀಸರೂ ನಮ್ಮ ಜೊತೆ ಸೇರಿದರೆ ಎಷ್ಟು ಒಳ್ಳೆಯದು ಎಂದು ನನಗೆ ಸಂತೋಷವೇ ಆಯಿತು. ಪಕ್ಕದ ಅಂಗಡಿಯಲ್ಲಿ ಎರಡು ಪುಟ ಜೆರಾಕ್ಸ್ ಮಾಡಿಸಿ ಕೊಟ್ಟೆ. ನಾಲ್ಕು ರೂಪಾಯಿ. ವೋಚರಿಗೂ ಹಾಕಿದ್ದೆ.

ಎರಡು ತಿಂಗಳ ನಂತರ ಒಂದು ಗುರುವಾರ ಸಂಜೆ ಬೇಕರಿಯೊಂದರ ಗಲ್ಲಾ ಪಕ್ಕದಲ್ಲಿಟ್ಟಿದ್ದ ಮೊಬೈಲ್ ಕಾಣೆಯಾಯಿತು. ಸಿಸಿಟಿವಿಯಲ್ಲಿ ಒಬ್ಬ ಹುಡುಗನ ಬೆನ್ನು ಮಾತ್ರ ಕಾಣುತ್ತಿತ್ತು, ಸಮಯ 6.52. ಆ ಬೀಟಿನವರು ಬೇರೆ ಠಾಣೆಗೆ ವರ್ಗವಾಗಿ ಹೋಗಿದ್ದರು. ಹಾಳೆ ಮಾತ್ರ ಇಲ್ಲಿಯೇ ಉಳಿದಿತ್ತು. ಹೊಸಬರು ಅದನ್ನು ಹಿಡಿದು ಚುಕ್ಕೆ ಇರುವ ಮನೆಗಳ ಬಾಗಿಲು ತಟ್ಟಿದರು. ಶುಕ್ರವಾರ ಸಂಜೆ ಮೂವರು ಹುಡುಗರನ್ನು ಕರೆದೊಯ್ದರು. ಇಬ್ಬರನ್ನು ಕೂಡಲೇ ಕಳುಹಿಸಿದರು. ಅಣ್ಣನ ಹೆಸರು ಬಂದದ್ದರಿಂದ ಮೂರನೆಯವನು ಉಳಿದ.

ಸುದ್ದಿ ಬಂದಾಗ ನನಗೆ ಮೊದಲು ಆದದ್ದು ಸಮಾಧಾನ. ಗುರುವಾರ ಸಂಜೆ ಅವನು ಕೇಂದ್ರದಲ್ಲೇ ಇದ್ದ, ನಾನೇ ನೋಡಿದ್ದೆ. ಹಾಜರಿ ಪುಸ್ತಕ ತೋರಿಸಿದರೆ ಮುಗಿಯಿತು ಎಂದುಕೊಂಡು ಪುಸ್ತಕವನ್ನು ಚೀಲಕ್ಕೆ ಹಾಕಿ ಆಟೋ ಹತ್ತಿದೆ. ದಾರಿಯಲ್ಲಿ ಪುಟ ತೆರೆದು ನೋಡಿದರೆ ಗುರುವಾರದ ಸಾಲು ಖಾಲಿ. ಆ ದಿನ ತಿಂಗಳ ಕೊನೆ. ಎಂಪಿಆರ್, ಅಂದರೆ ತಿಂಗಳ ಪ್ರಗತಿ ವರದಿ, ಕಳುಹಿಸಲೇಬೇಕೆಂದು ಸಂಯೋಜಕರು ಮಧ್ಯಾಹ್ನದಿಂದ ಐದು ಸಲ ಫೋನ್ ಮಾಡಿದ್ದರು. ಕೆಂಪು ಹಳದಿಯ ಲೆಕ್ಕ ಕೂಡಿಸುತ್ತಾ ನಾನು ಹಾಜರಿ ತೆಗೆಸಿರಲಿಲ್ಲ.

ಸಂಯೋಜಕರಿಗೆ ಫೋನ್ ಮಾಡಿದೆ. "ಖಾಲಿ ಇದ್ದರೆ ಈಗಲೇ ತುಂಬಿಸಿಬಿಡಿ, ಯಾರು ಕೇಳುತ್ತಾರೆ?" ಎಂದರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ತೆಗೆದದ್ದು ನಿಜ. ಅವನು ಇದ್ದದ್ದು ಸುಳ್ಳಲ್ಲವಲ್ಲ, ಇದ್ದದ್ದನ್ನು ಬರೆದರೆ ತಪ್ಪೇನು ಎಂದು ಮನಸ್ಸು ಹೇಳುತ್ತಿತ್ತು. ಆದರೆ ನಮ್ಮ ಹಾಜರಿಯಲ್ಲಿ ಹುಡುಗರೇ ಸಹಿ ಹಾಕುತ್ತಾರೆ. ಅವನ ಹೆಸರಿನ ಮುಂದೆ ಅವನ ಸಹಿಯನ್ನು ನಾನು ಹಾಕಬೇಕಾಗಿತ್ತು. ಆಟೋ ಸಿಗ್ನಲಿನಲ್ಲಿ ನಿಂತಿತು. ಪೆನ್ನು ಚೀಲಕ್ಕೆ ಹಾಕಿದೆ.

ಠಾಣೆಯೊಳಗೆ ಹೋದವಳು ಇನ್ನೊಂದು ತಪ್ಪು ಮಾಡಿದೆ. ಬಾಗಿಲಲ್ಲೇ ಕಲಂಗಳನ್ನು ಒಂದೊಂದಾಗಿ ಒಪ್ಪಿಸತೊಡಗಿದೆ. 2015ರ ಬಾಲ ನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಮಗುವನ್ನು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ (ಸಿಡಬ್ಲ್ಯುಪಿಓ) ಸುಪರ್ದಿಗೆ ಕೊಡಬೇಕು, ಲಾಕಪ್ಪಿಗೆ ಹಾಕುವಂತಿಲ್ಲ, ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳುವಂತಿಲ್ಲ, ಸಣ್ಣ ಅಪರಾಧಕ್ಕೆ ಎಫ್‌ಐಆರ್ ಇಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ (ಜೆಜೆಬಿ) ಎದುರು ಹಾಜರುಪಡಿಸಬೇಕು. ಹೇಳಿದ್ದೆಲ್ಲ ಸರಿ. ಹೇಳಿದ ಸ್ವರ ಸರಿಯಿರಲಿಲ್ಲ. ರೈಟರ್ ಪೆನ್ನು ಕೆಳಗಿಟ್ಟು, "ಇಷ್ಟೆಲ್ಲ ತಿಳಿದವರು ಈ ಪಟ್ಟಿ ಏಕೆ ಕೊಟ್ಟಿರಿ ಮೇಡಂ?" ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಅವರಿಗೆ ನನ್ನನ್ನು ಹಂಗಿಸುವ ಉದ್ದೇಶವಿರಲಿಲ್ಲ; ನಿಜವಾಗಿಯೂ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

"ಗುರುವಾರ ಅವನು ನಮ್ಮಲ್ಲೇ ಇದ್ದ ಸರ್."

"ದಾಖಲೆ?"

"ಆ ದಿನ ಹಾಜರಿ ತೆಗೆಸಿಲ್ಲ."

ಅವರು ಏನೂ ಹೇಳಲಿಲ್ಲ. ಸಿಡಬ್ಲ್ಯುಪಿಓ ಆಗಿದ್ದ ಎಎಸ್‌ಐ ಬಂದೋಬಸ್ತಿಗೆ ಹೋಗಿದ್ದಾರೆ, ಬರುವವರೆಗೆ ಕುಳಿತುಕೊಳ್ಳಿ ಎಂದರು. ನಲವತ್ತು ನಿಮಿಷ ಕುಳಿತೆ. ಹುಡುಗ ನನ್ನ ಪಕ್ಕದಲ್ಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ರೈಟರ್ ಹಾಳೆ ತಿರುಗಿಸಿದಾಗ ಅವನೂ ಇಣುಕಿ ನೋಡಿದ್ದ. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಅದನ್ನು ಬೆರಳಿನಿಂದ ತೂತಿಗೆ ತುರುಕುತ್ತಾನೆ, ಅದು ಹೊರಗೆ ಬರುತ್ತದೆ, ಮತ್ತೆ ತುರುಕುತ್ತಾನೆ. ನೀರು ಬೇಕೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದ.

ಎಂಟರ ಹೊತ್ತಿಗೆ ಅವನ ತಾಯಿ ಬಂದರು. ಫ್ಯಾಕ್ಟರಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಮಗನ ಜನ್ಮದಿನಾಂಕವಿರುವ ಶಾಲೆಯ ಪ್ರಮಾಣಪತ್ರವನ್ನು ತಂದಿದ್ದರು. ಹಿರಿಯ ಮಗನ ಕೇಸಿನಲ್ಲಿ ಕಲಿತ ಪಾಠ ಅದು: ಮೊದಲು ಕೇಳುವುದು ವಯಸ್ಸಿನ ದಾಖಲೆ ಎಂದು ಅವರಿಗೆ ಗೊತ್ತಿತ್ತು. ಅವರ ಹಿಂದೆಯೇ ನಮ್ಮ ಓಣಿಯ ಇಡ್ಲಿ ಅಜ್ಜಿ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಬಂದವರೇ ಹುಡುಗನ ಪಕ್ಕ ಕುಳಿತು, ಅವನ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ತಮ್ಮ ಸೀರೆಯಲ್ಲಿದ್ದ ಪಿನ್ನನ್ನು ತೆಗೆದು ಪಟ್ಟಿಗೆ ಚುಚ್ಚಿ ಸರಿಮಾಡಿ ಕೊಟ್ಟರು.

ಎಎಸ್‌ಐ ಬಂದು ಮಫ್ತಿ ಷರ್ಟು ಹಾಕಿಕೊಂಡು ಕುಳಿತಾಗ ಮಾತನಾಡಿದವರು ಅಜ್ಜಿಯೇ.

"ಗುರುವಾರ ಏಳು ಗಂಟೆ ಹೊತ್ತಿಗೆ ಇವನು ಹೊಡೆದ ಚೆಂಡು ನನ್ನ ಚಟ್ನಿ ಪಾತ್ರೆಗೆ ಬಿತ್ತು ಸ್ವಾಮಿ. ಪೂರ್ತಿ ಚೆಲ್ಲಿಹೋಯಿತು. ಬಾಯಿಗೆ ಬಂದಂತೆ ಬೈದೆ. ಎದುರಾಡಲಿಲ್ಲ, ಎರಡು ಬಿಂದಿಗೆ ನೀರು ತಂದು ಜಾಗ ತೊಳೆದು ಹೋದ. ಬೇಕಾದರೆ ಓಣಿಯವರನ್ನೆಲ್ಲ ಕೇಳಿ."

ಎಷ್ಟು ಹೊತ್ತಿಗೆ ಎಂದು ಎಎಸ್‌ಐ ಮತ್ತೆ ಕೇಳಿದರು. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿತ್ತು, ಗಾರ್ಮೆಂಟ್ಸ್‌ನ ಮೊದಲ ಬಸ್ ಇನ್ನೂ ಬಂದಿರಲಿಲ್ಲ ಎಂದರು ಅಜ್ಜಿ. ಎಎಸ್‌ಐ ಅದನ್ನು ಬರೆದುಕೊಂಡರು. ಠಾಣಾ ದಿನಚರಿಯಲ್ಲಿ ನಮೂದಿಸಿ, ಹತ್ತೂವರೆಗೆ ಹುಡುಗನನ್ನು ತಾಯಿಯ ಜೊತೆ ಕಳುಹಿಸಿದರು. ಆ ಮೊಬೈಲ್ ಸಿಕ್ಕಿತೋ ಇಲ್ಲವೋ ನಮಗೆ ಯಾರೂ ಹೇಳಲಿಲ್ಲ.

ಹೊರಡುವಾಗ ನಾನು ಹಾಳೆಯನ್ನು ಕೇಳಿದೆ. ಎಎಸ್‌ಐ ಒಂದು ಕ್ಷಣ ಯೋಚಿಸಿ, ಮಡಿಸಿ ನನ್ನ ಕೈಗೆ ಕೊಟ್ಟರು. ಇನ್ನೆಷ್ಟು ಪ್ರತಿಗಳಿವೆ, ಯಾರ ಮೊಬೈಲಿನಲ್ಲಿ ಅದರ ಫೋಟೋ ಇದೆ ಎಂದು ಕೇಳಲು ಧೈರ್ಯ ಬರಲಿಲ್ಲ.

ಮರುದಿನದಿಂದ ಕೇಂದ್ರ ಖಾಲಿಯಾಗತೊಡಗಿತು. ಮೂವತ್ತರ ಹತ್ತಿರ ಬರುತ್ತಿದ್ದವರು ಒಂದೇ ವಾರದಲ್ಲಿ ಹನ್ನೊಂದಕ್ಕೆ ಇಳಿದರು. ಬಂದವರೂ "ಅಕ್ಕಾ, ನನ್ನದು ಯಾವ ಬಣ್ಣ?" ಎಂದು ಕೇಳುತ್ತಿದ್ದರು. ಹನ್ನೆರಡರ ಒಬ್ಬ ಹುಡುಗ ತಾನು ಕೆಂಪು ಎಂದು ತಾನೇ ಊಹಿಸಿಕೊಂಡು ಎದೆಯುಬ್ಬಿಸಿ ಓಡಾಡುತ್ತಿದ್ದ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ನಾವು ಇಟ್ಟ ಹೆಸರನ್ನು ಮಗು ತನ್ನದೆಂದು ಒಪ್ಪಿಕೊಂಡರೆ, ಅದರಂತೆ ನಡೆಯಲು ಎಷ್ಟು ದಿನ ಬೇಕು? ಕಾಯ್ದೆಯ 3ನೇ ಕಲಂನಲ್ಲಿ ಮಕ್ಕಳ ವಿಷಯದಲ್ಲಿ ಕಳಂಕ ಹಚ್ಚುವ ಪದಗಳನ್ನು ಬಳಸಬಾರದು ಎಂಬ ತತ್ವವೇ ಇದೆ. ತರಬೇತಿಗಳಲ್ಲಿ 'ಬಾಲಾಪರಾಧಿ' ಎನ್ನಬೇಡಿ, 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಎನ್ನಿ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಬಂದು, ಕೇಂದ್ರದಲ್ಲಿ ಕೆಂಪು ಪೆನ್ನು ಹಿಡಿದಿದ್ದೇನೆ.

ಈ ನಮೂನೆ ನಮಗೆ ಬೇಡ ಎಂದು ಸಂಯೋಜಕರೊಂದಿಗೆ ಮೂರು ಸಭೆಗಳಲ್ಲಿ ಜಗಳವಾಡಿದೆ. ಬಣ್ಣವಿಲ್ಲದೆ ಪ್ರಗತಿಯನ್ನು ಹೇಗೆ ತೋರಿಸುವುದು ಎಂಬುದು ಅವರ ಪ್ರಶ್ನೆ. ಅವರನ್ನೂ ಪೂರ್ತಿ ದೂರಲಾರೆ, ಅವರಿಗೆ ಮೇಲಿನಿಂದ ಒತ್ತಡ. ಆದರೂ ಹೇಳುತ್ತೇನೆ: ಓಣಿಯಲ್ಲಿ ಒಂದು ಸಂಜೆಯೂ ಕಳೆಯದವರು ಮಾಡಿದ ನಮೂನೆ ಅದು. ಅಣ್ಣ ಜೈಲಿನಲ್ಲಿದ್ದಾನೆ ಎಂಬುದಕ್ಕೆ ಕಾಲಂ ಇದೆ. ಚಟ್ನಿ ಚೆಲ್ಲಿದ ಜಾಗವನ್ನು ತೊಳೆದು ಹೋದ ಎಂಬುದಕ್ಕೆ ಇಲ್ಲ. ಕೊನೆಗೆ ವರದಿಗೆ ಹೆಸರಿಲ್ಲದೆ ಸಂಖ್ಯೆ ಮಾತ್ರ ಹೋಗುವುದೆಂದು ತೀರ್ಮಾನವಾಯಿತು. ಬಣ್ಣ ಇನ್ನೂ ಉಳಿದಿದೆ, ನನ್ನ ತಕರಾರೂ ಉಳಿದಿದೆ.

ನಮ್ಮ ಕೈಯಲ್ಲಿದ್ದದ್ದನ್ನು ನಾವು ಬದಲಿಸಿದೆವು. ಈಗ ಠಾಣೆಗೆ ಹುಡುಗರ ಹೆಸರು ಹೋಗುವುದಿಲ್ಲ. ಸಿಡಬ್ಲ್ಯುಪಿಓ ಅವರ ಹೆಸರು ಮತ್ತು ನಂಬರನ್ನು ಮಕ್ಕಳ ಸಹಾಯವಾಣಿ 1098ರ ಜೊತೆ ನಮ್ಮ ಗೋಡೆಯ ಮೇಲೆ ಬರೆದಿದ್ದೇವೆ. ಪೊಲೀಸರು ಕೇಳಿದರೆ ನಾವು ಕೊಡುವುದು ಬೇರೆ ಪಟ್ಟಿ: ಯಾವ ಮೂಲೆಯಲ್ಲಿ ದೀಪ ಇಲ್ಲ, ಯಾವ ಅಂಗಡಿ ಮಕ್ಕಳಿಗೆ ಸಿಗರೇಟು ಮಾರುತ್ತದೆ, ಯಾರು ಹುಡುಗರ ಕೈಯಲ್ಲಿ ಪೊಟ್ಟಣ ಸಾಗಿಸುತ್ತಾರೆ. ಮಗುವಿಗೆ ನಶೆಯ ಪದಾರ್ಥ ಕೊಡುವುದು ಅದೇ ಕಾಯ್ದೆಯ 77ನೇ ಕಲಂ ಪ್ರಕಾರ, ಅದನ್ನು ಸಾಗಿಸಲು ಮಗುವನ್ನು ಬಳಸುವುದು 78ನೇ ಕಲಂ ಪ್ರಕಾರ ಅಪರಾಧ. ಎರಡಕ್ಕೂ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಕಣ್ಣಿಡಬೇಕಾದದ್ದು ಆ ದೊಡ್ಡವರ ಮೇಲೆ. ಪಂಕ್ಚರ್ ಅಂಗಡಿಯವರ ಬಳಿ ಮಹಿಳಾ ಸಂಘದವರೇ ಹೋಗಿ ಮಾತನಾಡಿದರು. ಟ್ಯೂಬುಗಳು ಈಗ ಹೊರಗಿನ ಹಲಗೆಯ ಮೇಲಿಲ್ಲ, ಒಳಗಿನ ಡಬ್ಬಿಯಲ್ಲಿವೆ. ನಶೆಗೆ ಬಿದ್ದಿದ್ದ ಇಬ್ಬರನ್ನು ತಾಯಂದಿರ ಜೊತೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಒಬ್ಬ ಚಿಕಿತ್ಸೆ ಮುಂದುವರಿಸಿದ್ದಾನೆ. ಇನ್ನೊಬ್ಬ ಎರಡನೆಯ ಸಲಕ್ಕೆ ಬರಲಿಲ್ಲ.

ಹಾಜರಿಯನ್ನು ಈಗ ಕೇಂದ್ರ ತೆರೆದ ಕೂಡಲೇ ತೆಗೆಸುತ್ತೇನೆ. ಎಂಪಿಆರ್ ಕೆಲಸ ಎಂಟು ಗಂಟೆಯ ನಂತರ.

ಆ ಹುಡುಗ ನಾಲ್ಕು ತಿಂಗಳು ಈ ಕಡೆ ಸುಳಿಯಲಿಲ್ಲ. ಮನೆಗೆ ಹೋಗಿ ಅವನ ಎದುರೇ ಕ್ಷಮೆ ಕೇಳಿದೆ. "ಇರಲಿ ಅಕ್ಕಾ" ಎಂದ, ಅಷ್ಟೇ. ಅವನ ತಾಯಿ ಚಹಾ ಕೊಟ್ಟರು. ಆದರೆ ಮೊದಲಿನಂತೆ ಪಕ್ಕದಲ್ಲಿ ಕುಳಿತುಕೊಳ್ಳಲಿಲ್ಲ, ಒಲೆಯ ಬಳಿಯೇ ನಿಂತಿದ್ದರು. ಬೇಸಿಗೆ ರಜೆಯಲ್ಲಿ ಒಂದು ಸಂಜೆ ಅವನು ಬಂದು ಬಾಗಿಲ ಚೌಕಟ್ಟಿಗೆ ಒರಗಿ ಕೇರಂ ನೋಡುತ್ತಾ ನಿಂತ. ಮರುದಿನ ಒಳಗೆ ಬಂದ. ನಾನು ಹಾಜರಿ ಪುಸ್ತಕವನ್ನು ಅವನ ಕಡೆ ತಳ್ಳಿದೆ. ಅವನು ಅದನ್ನು ಮುಟ್ಟಲಿಲ್ಲ.

"ಆಡುತ್ತೇನೆ ಅಕ್ಕಾ. ಹೆಸರು ಮಾತ್ರ ಬರೆಯಬೇಡಿ."

ಬರೆದಿಲ್ಲ. ಅವನು ಈಗ ದಿನವೂ ಬರುತ್ತಾನೆ, ಚಿಕ್ಕವರಿಗೆ ಕಬಡ್ಡಿ ಕಲಿಸುತ್ತಾನೆ. ನಮ್ಮ ತಿಂಗಳ ವರದಿಯಲ್ಲಿ ಒಬ್ಬ ಹುಡುಗ ಕಡಿಮೆ ಇರುತ್ತಾನೆ.