ಸರ್ವರ್ ಹಾಕೋದು ಬರ್ತದ, ಡಿಸೈನ್ ಎಲ್ಲಿಂದ ಶುರು ಮಾಡ್ಲಿ?

ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ಪುಣೆಯ ಹಿಂಜವಡಿಯಲ್ಲಿ ಸಪೋರ್ಟ್ ಕೆಲಸಕ್ಕೆ ಸೇರಿದವರು ಮತ್ತೆ ಮತ್ತೆ ಕೇಳುವುದು ಇದನ್ನೇ: "ಸರ್, ವಿಂಡೋಸ್ ಸರ್ವರ್ ಹಾಕೋದು ಬರ್ತದ. ಇಡೀ ಕಂಪನಿಗೆ ಡಿಸೈನ್ ಮಾಡು ಅಂದ್ರ ಏನೂ ತಿಳಿಯೂದಿಲ್ಲ. ಯಾವ ಕೋರ್ಸ್ ಮಾಡ್ಲಿ?"

ಕೋರ್ಸ್ ಇರಲಿ, ಮೊದಲು ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ಪುಣೆಯಲ್ಲಿ 180, ಮುಂಬೈನ ಅಂಧೇರಿಯಲ್ಲಿ 60, ಪಣಜಿಯಲ್ಲಿ 12 ಜನರಿರುವ ಕಂಪನಿ ಅಂದುಕೊಳ್ಳಿ. ಪುಣೆಗೆ 10.20, ಅಂಧೇರಿಗೆ 10.30, ಪಣಜಿಗೆ 10.40 ಎಂದು ಶುರುವಾಗುವ ನೆಟ್‌ವರ್ಕ್ ವಿಳಾಸ (ಐಪಿ) ಹಂಚಿ. 192.168.1 ಬೇಡ. ಎಷ್ಟೋ ಮನೆ ರೂಟರ್‌ಗಳಲ್ಲಿ ಅದೇ ಇರುತ್ತದೆ. ಕೋಥರೂಡಿನ ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸ್ ನೆಟ್‌ವರ್ಕಿಗೆ ಸುರಕ್ಷಿತ ದಾರಿ) ಹಾಕಿದವರ ಲ್ಯಾಪ್‌ಟಾಪ್ ಆಫೀಸಿನ ಫೈಲ್ ಸರ್ವರನ್ನು ಮನೆಯೊಳಗೇ ಹುಡುಕುತ್ತ ಕೂರುತ್ತದೆ. ಒಂದು /24ರಲ್ಲಿ, ಅಂದರೆ ಕೊನೆಯ ಸಂಖ್ಯೆ ಮಾತ್ರ ಬದಲಾಗುವ ವಿಳಾಸಗಳ ಗುಂಪಿನಲ್ಲಿ (ಸಬ್‌ನೆಟ್), ಸಿಗುವುದು 254 ವಿಳಾಸ. 180 ಲ್ಯಾಪ್‌ಟಾಪ್ ಜೊತೆ 180 ಫೋನೂ ಬಂದರೆ ಮುಗಿಯಿತು. ಫೋನಿಗೆ ಬೇರೆ ವಿಎಲ್ಎಎನ್ (ಅದೇ ಸ್ವಿಚ್ಚಿನಲ್ಲಿ ಪ್ರತ್ಯೇಕ ನೆಟ್‌ವರ್ಕ್), ಎರಡರಷ್ಟು ದೊಡ್ಡದಾದ /23, ಲೀಸ್ (ವಿಳಾಸ ಇಟ್ಟುಕೊಳ್ಳುವ ಅವಧಿ) 8 ಗಂಟೆ. ವಿಂಡೋಸ್ ಸರ್ವರಿನಲ್ಲಿ ಲೀಸನ್ನು ಹಾಗೇ ಬಿಟ್ಟರೆ 8 ದಿನ. ಬಂದುಹೋದ ಅತಿಥಿಯ ಫೋನೂ ಅಷ್ಟು ದಿನ ವಿಳಾಸ ಹಿಡಿದಿಟ್ಟುಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಡಿಎನ್ಎಸ್‌ನಲ್ಲಿ, ಅಂದರೆ ಹೆಸರು ಕೇಳಿದರೆ ವಿಳಾಸ ಹೇಳುವ ವ್ಯವಸ್ಥೆಯಲ್ಲಿ. ಲ್ಯಾಪ್‌ಟಾಪ್‌ಗೆ ಕೊಡುವ ಮೊದಲ ಡಿಎನ್ಎಸ್ ಡೊಮೇನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್), ಎರಡನೆಯದು "ಸೇಫ್ಟಿಗೆ" ಗೂಗಲ್‌ನ 8.8.8.8. ಲ್ಯಾಪ್‌ಟಾಪ್ ಡೊಮೇನ್ ಕಂಟ್ರೋಲರನ್ನು ಹುಡುಕುವುದು ಡಿಎನ್ಎಸ್‌ನಲ್ಲಿರುವ ಎಸ್ಆರ್‌ವಿ ದಾಖಲೆಯಿಂದ (ಯಾವ ಸೇವೆ ಯಾವ ಸರ್ವರಿನಲ್ಲಿದೆ ಎಂಬ ನಮೂದು). ನಿಮ್ಮ ಒಳಗಿನ ಡೊಮೇನ್ ಹೊರಗಿನ ಡಿಎನ್ಎಸ್‌ಗೆ ಗೊತ್ತೇ ಇಲ್ಲ. "ಅಂಥದ್ದೊಂದು ಇಲ್ಲ" ಎಂದು ಅದು ಹೇಳಿದರೆ ಅದೂ ಉತ್ತರವೇ, ಲ್ಯಾಪ್‌ಟಾಪ್ ಮತ್ತೊಬ್ಬರನ್ನು ಕೇಳಲು ಹೋಗುವುದಿಲ್ಲ. ಇಂಟರ್ನೆಟ್ ಮಾತ್ರ ಸರಿಯಾಗಿ ನಡೆಯುತ್ತದೆ, ಹಾಗಾಗಿ ಡಿಎನ್ಎಸ್ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಲ್ಯಾಪ್‌ಟಾಪ್‌ಗೆ ಎರಡೂ ಒಳಗಿನ ಸರ್ವರ್‌ಗಳನ್ನೇ ಕೊಡಿ, ಹೊರಗಿನದ್ದನ್ನು ಸರ್ವರಿನ ಫಾರ್ವರ್ಡರ್‌ನಲ್ಲಿ (ತನಗೆ ಗೊತ್ತಿಲ್ಲದ್ದನ್ನು ಅದು ಕೇಳುವ ಕಡೆ) ಹಾಕಿ.

ಪ್ರತಿ ಸಬ್‌ನೆಟ್ಟನ್ನೂ ಆಕ್ಟಿವ್ ಡೈರೆಕ್ಟರಿ (ಬಳಕೆದಾರರು, ಕಂಪ್ಯೂಟರ್‌ಗಳ ಕೇಂದ್ರ ಪಟ್ಟಿ) ಸೈಟ್‌ಗೆ, ಅಂದರೆ ಅದು ಇರುವ ಊರಿನ ಆಫೀಸಿಗೆ, ಜೋಡಿಸಿ. ಮರೆತರೆ ಪಣಜಿಯವರು ಅಂಧೇರಿಯ ಸರ್ವರಿಗೆ ಲಾಗಿನ್ ಆಗಲು ಹೋಗಬಹುದು. ಸೈಟ್‌ಗಳ ನಡುವಿನ ರೆಪ್ಲಿಕೇಶನ್ (ಬದಲಾವಣೆಗಳ ನಕಲು) ಹಾಗೇ ಬಿಟ್ಟರೆ 180 ನಿಮಿಷಕ್ಕೊಮ್ಮೆ, 15ಕ್ಕೆ ಇಳಿಸಬಹುದು. ಪಣಜಿಯಲ್ಲಿ ಸರ್ವರ್ ರೂಮಿಗೆ ಬೀಗವಿಲ್ಲವೆಂದರೆ ಓದಲಷ್ಟೇ ಆಗುವ ಡೊಮೇನ್ ಕಂಟ್ರೋಲರ್, ಅಂದರೆ ಆರ್‌ಒಡಿಸಿ, ಸಾಕು. ಆದರೆ ನೀವಾಗಿ ಅನುಮತಿ ಕೊಡುವವರೆಗೆ ಅದು ಯಾವ ಬಳಕೆದಾರರ ಪಾಸ್‌ವರ್ಡನ್ನೂ ಇಟ್ಟುಕೊಳ್ಳುವುದಿಲ್ಲ. ಆ 12 ಜನರ ಜೊತೆ ಅವರ ಕಂಪ್ಯೂಟರ್ ಅಕೌಂಟ್‌ಗಳನ್ನೂ ಸೇರಿಸಿ, ಮಳೆಗಾಲದಲ್ಲಿ ಲೈನ್ ಹೋಗುವ ಮುಂಚೆಯೇ ಪಾಸ್‌ವರ್ಡ್‌ಗಳನ್ನು ಅದಕ್ಕೆ ತುಂಬಿಸಿಡಿ.

ಕೋರ್ಸ್ ವಿಷಯ: ಮೈಕ್ರೋಸಾಫ್ಟ್‌ನಲ್ಲಿ ಡಿಸೈನ್ ಹೆಸರಿನದೇ 70-413 ಪರೀಕ್ಷೆ ಇತ್ತು, 2021ರಲ್ಲಿ ನಿಂತಿತು. ಆಮೇಲೆ ಬಂದ ಎಜಡ್-800, 801 ಪರವಾಗಿಲ್ಲ, ಆದರೆ ಅವು ನಡೆಸುವುದನ್ನು ಕಲಿಸುವಷ್ಟು ಯೋಜಿಸುವುದನ್ನು ಕಲಿಸುವುದಿಲ್ಲ.

ಅಭ್ಯಾಸಕ್ಕೆ 16 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ಹೈಪರ್-ವಿ (ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರ ನಡೆಸುವ ಮೈಕ್ರೋಸಾಫ್ಟ್ ತಂತ್ರಾಂಶ), 180 ದಿನದ ಉಚಿತ ಸರ್ವರ್ ಪ್ರತಿ ಸಾಕು. ವರ್ಚುವಲ್ ಸ್ವಿಚ್ ಪ್ರೈವೇಟ್ ಆಗಿರಲಿ. ಎಕ್ಸ್‌ಟರ್ನಲ್ ಆದರೆ ನಿಮ್ಮ ಡಿಎಚ್‌ಸಿಪಿ (ವಿಳಾಸ ಹಂಚುವ ಸೇವೆ) ಪಿಜಿಯವರ ಫೋನಿಗೆಲ್ಲ ವಿಳಾಸ ಹಂಚಿ ಬೈಗುಳ ತಿನ್ನಿಸುತ್ತದೆ. ಎರಡು ಡೊಮೇನ್ ಕಂಟ್ರೋಲರ್ ಕಟ್ಟಿ, ಮೊದಲನೆಯದನ್ನು ಆಫ್ ಮಾಡಿ, ಡೊಮೇನಿಗೆ ಸೇರಿಸಿದ ಇನ್ನೊಂದು ವರ್ಚುವಲ್ ಯಂತ್ರದಿಂದ ಲಾಗಿನ್ ಆಗಿ ನೋಡಿ. ಹಳೆಯ ಬಳಕೆದಾರರಿಂದ ಪರೀಕ್ಷಿಸಬೇಡಿ: ಅವರ ಗುರುತು ಆ ಯಂತ್ರದಲ್ಲೇ ಉಳಿದಿರುತ್ತದೆ, ಸರ್ವರ್ ಇಲ್ಲದಿದ್ದರೂ ಒಳಗೆ ಬಿಡುತ್ತದೆ. ಆ ಯಂತ್ರಕ್ಕೆ ಎಂದೂ ಲಾಗಿನ್ ಆಗದ ಹೊಸ ಹೆಸರಿನಿಂದ ಪ್ರಯತ್ನಿಸಿ. ಆಗಲಿಲ್ಲವೆಂದರೆ ಎರಡನೆಯ ಸರ್ವರ್ ಗ್ಲೋಬಲ್ ಕ್ಯಾಟಲಾಗ್ (ಎಲ್ಲ ಡೊಮೇನ್‌ಗಳ ಸಂಕ್ಷಿಪ್ತ ಪಟ್ಟಿ ಇಟ್ಟುಕೊಂಡ ಸರ್ವರ್) ಆಗಿದೆಯೇ, ಆ ಯಂತ್ರದ ಡಿಎನ್ಎಸ್ ಪಟ್ಟಿಯಲ್ಲಿ ಅದರ ವಿಳಾಸ ಇದೆಯೇ ನೋಡಿ.