ಲೆಕ್ಕಕ್ಕೂ ಉಂಟು

ನಮ್ಮ ಹಾಸನದ ಕಡೆ ಹಳ್ಳಿಗಳಲ್ಲಿ ವಾಲಿಬಾಲ್ ಹುಚ್ಚು ಸ್ವಲ್ಪ ಜಾಸ್ತಿ. ಕ್ರಿಕೆಟ್ ಎಲ್ಲ ಕಡೆ ಇದೆ, ಬಿಡಿ. ಆದರೆ ‘ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ’ ಅಂತ ಊರಬಾಗಿಲಲ್ಲಿ ಬ್ಯಾನರ್ ಬಿತ್ತು ಅಂದ್ರೆ ಸುತ್ತಮುತ್ತಲ ಹುಡುಗರಿಗೆ ನಿದ್ದೆ ಬರಲ್ಲ. ಶಾಲೆ ಮೈದಾನದಲ್ಲಿ ನಾಲ್ಕು ಕಂಬ ನೆಟ್ಟು ಫೋಕಸ್ ಲೈಟು ಕಟ್ಟುತ್ತಾರೆ. ಒಂದು ಮೂಲೆಯಲ್ಲಿ ಚುರುಮುರಿ ಗಾಡಿ. ರಾತ್ರಿಯೆಲ್ಲಾ ಆಟ. ಫೈನಲ್ ಮುಗಿಯುವಾಗ ಕೋಳಿ ಕೂಗಿರುತ್ತದೆ.

ಆಲೂರು ತಾಲ್ಲೂಕಿನ ನಮ್ಮೂರಲ್ಲಿ ಈ ಆಟದ ಮೈಕು ಯಾವಾಗಲೂ ನನ್ನ ಕೈಲಿರುತ್ತಿತ್ತು. ಯಾರ ಶೂಟಿಂಗ್ ಹೇಗೆ, ಯಾರು ಬೂಸ್ಟ್ ಎತ್ತಿದರೆ ಯಾರು ಹೊಡೆಯುತ್ತಾರೆ, ಯಾವ ಟೀಮಿನ ಹಿಂದಿನ ಸಾಲು ಪೊಳ್ಳು, ಎಲ್ಲ ಬಾಯಿಪಾಠ. ಬಾಲ್ ಮಾತ್ರ ಮುಟ್ಟಿದವನಲ್ಲ. ಮೈದಾನದಿಂದ ಆಚೆ ಬಂದರೆ ಎತ್ತಿ ಕೊಡುತ್ತಿದ್ದೆ, ಅಷ್ಟೇ.

ನನಗೆ ಪೋಲಿಯೊ ಬಂದಿದ್ದು ನಡೆಯೋಕೆ ಕಲಿತ ಸ್ವಲ್ಪ ದಿನಕ್ಕೇ. ಬಲಗಾಲಿನಲ್ಲಿ ಶಕ್ತಿಯೇ ಇಲ್ಲ, ಎಡಗಾಲು ಅರ್ಧಂಬರ್ಧ. ಚಿಕ್ಕವನಿದ್ದಾಗ ಲಗೋರಿ, ಚಿನ್ನಿದಾಂಡು ಎಲ್ಲದಕ್ಕೂ ನನ್ನನ್ನು ಸೇರಿಸಿಕೊಳ್ಳುತ್ತಿದ್ದರು. ಆದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಔಟಾದರೂ ಔಟಲ್ಲ, ಗೆದ್ದರೂ ಗೆದ್ದ ಹಾಗಲ್ಲ. ‘ಪಾಪ, ಅವನಿಗೊಂದು ಛಾನ್ಸ್ ಕೊಡ್ರೋ’ ಅಂತ ಯಾರಾದರೂ ಅಜ್ಜಿ ಜಗಲಿ ಮೇಲಿಂದ ಕೂಗೋರು. ದೊಡ್ಡವನಾದ ಮೇಲೆ ಸ್ಕೋರ್ ಬರೆಯುವ ಕೆಲಸ ಸಿಕ್ಕಿತು, ಅದಾದ ಮೇಲೆ ಮೈಕು. ಯಾರ ಮೇಲೂ ಸಿಟ್ಟಿಲ್ಲ. ಪ್ರೀತಿಯಿಂದಲೇ ಮಾಡುತ್ತಿದ್ದರು. ಆ ಪ್ರೀತಿ ಸಾಕಾಗಿತ್ತು.

ಈಗ ಹಾಸನದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಯುಡಿಐಡಿ ಕಾರ್ಡಿನ, ಅಂದ್ರೆ ಅಂಗವಿಕಲರ ಗುರುತಿನ ಚೀಟಿಯ ಅರ್ಜಿ ತುಂಬಿಸೋಕೆ ಬರುವವರೂ ಇರುತ್ತಾರೆ. ಹಾಗೆ ಪರಿಚಯವಾದ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆಯೊಬ್ಬರು ಒಂದು ಶನಿವಾರ ಫೋನ್ ಮಾಡಿದರು. ‘ನಾಳೆ ಸಿಟ್ಟಿಂಗ್ ವಾಲಿಬಾಲ್ ಆಡಿಸ್ತಾರಂತೆ, ಬನ್ನಿ ಸಾರ್. ಪ್ಯಾಂಟು ಮಾತ್ರ ದಪ್ಪದ್ದು ಹಾಕ್ಕೊಂಡು ಬನ್ನಿ’ ಅಂದರು. ಆ ಪ್ಯಾಂಟಿನ ಮಾತಿಗೇ ನನಗೆ ಕುತೂಹಲ ಹುಟ್ಟಿದ್ದು. ಶಾಲು ಹೊದಿಸುವ ಕಾರ್ಯಕ್ರಮವಾಗಿದ್ದರೆ ದಪ್ಪ ಪ್ಯಾಂಟು ಯಾಕೆ ಬೇಕು?

ಅಂಗವಿಕಲರ ಆಟೋಟ ನಾನು ನೋಡದೇ ಇರೋದೇನಲ್ಲ. ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಆ ಹೊತ್ತಿಗೆ ಎಲ್ಲಾದರೂ ಒಂದು ಇರುತ್ತದೆ. ಒಂದಕ್ಕೆ ಹೋಗಿದ್ದೆ, ಎಲ್ಲಿ ಅಂತ ಬೇಡ. ಬೆಳಗ್ಗೆ ಬೇಗ ಬನ್ನಿ ಅಂದಿದ್ದರು. ಅತಿಥಿಗಳು ಬಂದು, ದೀಪ ಹಚ್ಚಿ, ಭಾಷಣ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಆಮೇಲೆ ಗುಂಡು ಎಸೆತ. ಒಂದು ಕೈ ಇಲ್ಲದವರು, ಒಂದು ಕಾಲು ಇಲ್ಲದವರು, ಗಾಲಿಕುರ್ಚಿಯವರು, ಗಿಡ್ಡ ಇರುವವರು, ಎಲ್ಲರಿಗೂ ಒಂದೇ ಗುಂಡು, ಒಂದೇ ಸಾಲು. ಕೊನೆಗೆ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ, ಎಲ್ಲರಿಗೂ ಚಪ್ಪಾಳೆ. ಯಾರು ಗೆದ್ದರು ಅಂತ ಯಾರೂ ಕೇಳಲಿಲ್ಲ. ಮತ್ತೆ ಅದೇ ಕಥೆ ಅಲ್ವಾ?

ನಿಜವಾದ ಪ್ಯಾರಾ ಕ್ರೀಡೆಯಲ್ಲಿ ಹೀಗೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಲ್ಲ. ಕೂತು ಗುಂಡು ಎಸೆಯುವವರ ವರ್ಗವೇ ಬೇರೆ. ನೆಲಕ್ಕೆ ಬಿಗಿದ ಆಸನದಲ್ಲಿ ಅವರನ್ನು ಪಟ್ಟಿಯಿಂದ ಕಟ್ಟುತ್ತಾರೆ, ಆಸನದ ಎತ್ತರ 75 ಸೆಂಟಿಮೀಟರ್ ದಾಟುವಂತಿಲ್ಲ. ಬ್ಯಾಡ್ಮಿಂಟನ್ನಿನಲ್ಲಿ ಗಾಲಿಕುರ್ಚಿಯವರಿಗೇ ಎರಡು ವರ್ಗ, ಕಾಲಿನ ತೊಂದರೆ ಇಟ್ಟುಕೊಂಡು ನಿಂತು ಆಡುವವರಿಗೆ ಇನ್ನೆರಡು. ಹಾಸನದಲ್ಲೇ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಆಡುವುದು ನಿಂತು ಆಡುವವರ ಎಸ್‌ಎಲ್4 ಅನ್ನುವ ವರ್ಗದಲ್ಲಿ. ಪ್ಯಾರಾಲಿಂಪಿಕ್ಸ್‌ಗೆ ಹೋಗಿ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಬೆಳ್ಳಿ ಗೆದ್ದರು. ಎರಡು ಸಲವೂ ಫೈನಲ್‌ನಲ್ಲಿ ಸೋಲಿಸಿದ್ದು ಫ್ರಾನ್ಸಿನ ಅದೇ ಲೂಕಾ ಮಜೂರ್. ಆ ಟೋಕಿಯೊ ಫೈನಲ್ ನಾನು ಅಂಗಡಿಯಲ್ಲಿ ಮೊಬೈಲ್ ಇಟ್ಟುಕೊಂಡು ನೋಡಿದ್ದೆ. ಮೊದಲ ಗೇಮ್ ಸುಹಾಸ್ ಗೆದ್ದರು, ಆಮೇಲೆ ಎರಡು ಕೈಬಿಟ್ಟವು. ಹೊಟ್ಟೆ ಉರಿಯಿತು. ಸುಮ್ನೆ ಹೋಗಿ ಆಡಿ ಬಂದವರು ಸೋತರೆ ನಮಗೆ ಹೊಟ್ಟೆ ಉರಿಯಲ್ಲ ಅಲ್ವಾ.

ಭಾನುವಾರ ಸೈಡ್ ವೀಲ್ ಸ್ಕೂಟಿ ಏರಿ ಹೋದೆ. ಒಂದು ಕಾಲೇಜಿನ ಒಳಾಂಗಣ. ಬಾಗಿಲಲ್ಲಿ ಮೂರು ಮೆಟ್ಟಿಲು, ಅದನ್ನು ಹತ್ತಿದ ರಗಳೆ ಬೇಡ. ಒಳಗೆ ಪಿಟಿ ಮೇಷ್ಟ್ರೊಬ್ಬರು ಅಳತೆ ಟೇಪು ಹಿಡಿದು ನೆಟ್ಟಿನ ಜೊತೆ ಗುದ್ದಾಡುತ್ತಿದ್ದರು.

ಗುದ್ದಾಟ ಏನು ಅಂದ್ರೆ, ಮಾಮೂಲಿ ವಾಲಿಬಾಲ್ ನೆಟ್ಟಿನ ಅಗಲ ಒಂದು ಮೀಟರ್. ಕೂತು ಆಡುವ ಆಟದಲ್ಲಿ ಗಂಡಸರಿಗೆ ನೆಟ್ಟಿನ ಮೇಲಂಚು ನೆಲದಿಂದ 1.15 ಮೀಟರ್, ಹೆಂಗಸರಿಗೆ 1.05. ಹಾಗೆ ಕಟ್ಟಿದರೆ ಕೆಳಗಿನ ಅಂಚು ನೆಲಕ್ಕೆ ಅರ್ಧ ಅಡಿಯಷ್ಟು ಹತ್ತಿರ ಬರುತ್ತದೆ. ಮುಂದಿನ ಸಾಲಿನವರು ಕಾಲು ಚಾಚಿದರೆ ಬಲೆಗೆ ಬಿದ್ದ ಮೀನಿನ ಹಾಗೆ ಸಿಕ್ಕಿಕೊಳ್ಳುತ್ತಾರೆ. ಈ ಆಟದ ನೆಟ್ಟು 80 ಸೆಂಟಿಮೀಟರ್ ಅಗಲದ್ದು, ಅದು ಹಾಸನದ ಯಾವ ಅಂಗಡಿಯಲ್ಲಿ ಸಿಗಬೇಕು? ಮೇಷ್ಟ್ರು ಕೆಳಗಿನ ಎರಡು ಸಾಲು ಚೌಕಗಳನ್ನು ಮೇಲಕ್ಕೆ ಮಡಚಿ ಗೋಣಿದಾರದಲ್ಲಿ ಹೊಲಿಯುತ್ತಾ ಹೋದರು. ಒಂದೊಂದು ಚೌಕ ಹತ್ತು ಸೆಂಟಿಮೀಟರ್. ಸರಿಯಾಗಿ ಇಪ್ಪತ್ತು ಕಳೆಯಿತು. ಈ ಮನುಷ್ಯ ಆಟ ಆಡಿಸೋಕೇ ಬಂದಿದ್ದಾನೆ ಅಂತ ನನಗೆ ಅಲ್ಲೇ ಗೊತ್ತಾಯಿತು.

ಅಂಕಣವೂ ಚಿಕ್ಕದು. 10 ಮೀಟರ್ ಉದ್ದ, 6 ಮೀಟರ್ ಅಗಲ. ಮಾಮೂಲಿದು 18ಕ್ಕೆ 9. ಒಂದು ಕಡೆಗೆ ಆರೇ ಜನ. 1956ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಶುರುವಾದ ಆಟ, 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ ಅಂತ ಮೇಷ್ಟ್ರು ಹೊಲಿಯುತ್ತಲೇ ಹೇಳಿದರು. ಆಮೇಲೆ ತಲೆ ಎತ್ತಿ, ‘ಎಲ್ರೂ ಕ್ಯಾಲಿಪರ್, ಕಾಲು ಎಲ್ಲಾ ಬಿಚ್ಚಿಟ್ಟು ಬನ್ರಪ್ಪ’ ಅಂದರು.

ಇದು ಹೇಳಿದಷ್ಟು ಸುಲಭ ಅಲ್ಲ. ಕ್ಯಾಲಿಪರ್ ಅಂದ್ರೆ ಕಾಲಿಗೆ ಆಸರೆಯಾಗಿ ಕಟ್ಟುವ ಸಲಾಕೆ. ಅದನ್ನು ಬಿಚ್ಚುವುದು ನಾನು ಮನೆಯಲ್ಲಿ, ಬಾಗಿಲು ಹಾಕಿಕೊಂಡು. ಮದುವೆಮನೆಗೆ ಹೋಗಿ ರಾತ್ರಿ ಉಳಿಯಬೇಕಾದರೆ ದೀಪ ಆರಿದ ಮೇಲೆ. ಮಂಡಿಯ ಲಾಕು ತೆಗೆದಾಗ ಟಕ್ ಅನ್ನುತ್ತದೆ, ಆ ಸದ್ದೇ ನನಗೆ ಸಂಕೋಚ. ಅವತ್ತು ಆ ಹಾಲಿನಲ್ಲಿ ನನ್ನದಕ್ಕಿಂತ ಮೊದಲೇ ಎಲ್ಲಿಂದಲೋ ಒಂದು ಟಕ್ ಕೇಳಿತು, ಆಮೇಲೆ ಇನ್ನೊಂದು. ಗೋಡೆ ಪಕ್ಕ ಕ್ಯಾಲಿಪರ್‌ಗಳು, ಊರುಗೋಲು, ಎರಡು ಜೈಪುರ ಕೃತಕ ಕಾಲು, ಒಂದಕ್ಕೆ ಹಾಕಿದ್ದ ಶೂ ಕೂಡ ಹಾಗೇ. ನಮ್ಮದೆಲ್ಲಾ ರಾಶಿ ಬಿತ್ತು.

ಆ ರಾಶಿ ನೋಡಿದರೇ ಗೊತ್ತಾಗುತ್ತಿತ್ತು. ಕ್ಯಾಲಿಪರ್ ಬಿಚ್ಚಿದವರೆಲ್ಲಾ ನನ್ನ ವಯಸ್ಸಿನವರು ಇಲ್ಲಾ ನನಗಿಂತ ದೊಡ್ಡವರು. ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ, 2014ರಲ್ಲಿ ದೇಶ ಪೋಲಿಯೊ ಮುಕ್ತ ಅಂತ ಘೋಷಣೆ ಆಯ್ತು. ನಮ್ಮದು ಮುಗಿಯುತ್ತಿರುವ ಪೀಳಿಗೆ, ಮುಗಿಯಲಿ, ಒಳ್ಳೆಯದೇ. ಹುಡುಗರೆಲ್ಲಾ ಬೈಕ್ ಅಪಘಾತದವರು. ಒಬ್ಬರು ಸಕ್ಕರೆ ಕಾಯಿಲೆಯಿಂದ ಪಾದ ತೆಗೆಸಿಕೊಂಡವರು. ಇನ್ನೊಬ್ಬರು ಲಾರಿ ಓಡಿಸುತ್ತಿದ್ದವರು, ಶಿರಾಡಿ ಘಾಟಿಯಲ್ಲಿ ಎಡಗಾಲು ಮಂಡಿಯಿಂದ ಕೆಳಗೆ ಹೋಗಿದೆ. ಎಲ್ಲರೂ ಅವರನ್ನು ಡ್ರೈವರಣ್ಣ ಅನ್ನುತ್ತಿದ್ದರು. ಮುಂಚೆ ದೊಡ್ಡ ಶೂಟರ್ ಅಂತೆ. ಅವರ ಹೆಸರು ನಾನೇ ಮೈಕಿನಲ್ಲಿ ಕೂಗಿದ್ದೆನೋ ಏನೋ!

ಆಟ ಶುರುವಾಯಿತು ನೋಡಿ, ತಮಾಷೆಯೂ ಶುರು. ಡ್ರೈವರಣ್ಣನಿಗೆ ಬಾಲ್ ಮೇಲೆ ಬಂದ ತಕ್ಷಣ ಹಾರಬೇಕು ಅನ್ನಿಸುತ್ತದೆ. ತೋಳಿಗೆ ಮುಂಚೆ ಸೊಂಟ ಏಳುತ್ತದೆ. ಬಾಲ್ ಹೊಡೆಯುವಾಗ ಕುಂಡಿ ನೆಲ ಬಿಟ್ಟರೆ ಫೌಲು. ‘ಲಿಫ್ಟ್!’ ಅಂತ ಮೇಷ್ಟ್ರು ಸೀಟಿ ಊದುವರು. ಮತ್ತೆ ಎದುರು ಟೀಮಿಗೆ ಪಾಯಿಂಟು. ‘ಮೈಯೇ ಏಳ್ತದೆ ಸಾ, ನಾನೇನು ಮಾಡ್ಲಿ?’ ಅಂತ ಅವರು ತಲೆ ಚಚ್ಚಿಕೊಳ್ಳುವರು.

ನನ್ನ ಪಾಡು ಬೇರೆ. ಹಾರುವ ಅಭ್ಯಾಸವೇ ಇಲ್ಲವಲ್ಲ, ಲಿಫ್ಟ್ ಫೌಲು ಎಲ್ಲಿಂದ ಬರಬೇಕು? ಆದರೆ ಬಾಲ್ ಎಲ್ಲಿಗೆ ಬೀಳುತ್ತದೆ ಅಂತ ಕಣ್ಣಿಗೆ ಮೊದಲೇ ಗೊತ್ತು, ಕೈಗೆ ಗೊತ್ತಿಲ್ಲ. ಅಂಡರ್‌ಹ್ಯಾಂಡ್ ಎತ್ತಿದರೆ ಬಾಲು ಮಣಿಕಟ್ಟಿಗೆ ಬಡಿದು ಹಿಂದಕ್ಕೆ ಹಾರಿಹೋಗುತ್ತಿತ್ತು. ಮುಂಗೈ ಕೆಂಪಾಯಿತು.

ಈ ಆಟದ ನಿಜವಾದ ಕಷ್ಟ ಹೊರಗಿಂದ ನೋಡಿದವರಿಗೆ ಕಾಣಲ್ಲ. ಕೂತು ಆಡುವುದು ಸುಲಭ ಅಂದುಕೊಳ್ಳುತ್ತಾರೆ. ಇಲ್ಲಿ ಕೈಯೇ ಕಾಲು. ಜಾಗ ಬದಲಿಸಬೇಕಾದರೆ ಎರಡು ಕೈ ನೆಲಕ್ಕೆ ಊರಿ ತಳ್ಳಬೇಕು. ಬಾಲ್ ಬರುವಷ್ಟರಲ್ಲಿ ಅದೇ ಕೈ ಮೇಲೆ ಇರಬೇಕು. ನೆಟ್ಟು ತಗ್ಗಿರುವುದರಿಂದ ಬಾಲು ಗಾಳಿಯಲ್ಲಿ ನಿಲ್ಲುವುದೇ ಇಲ್ಲ. ಸಾಲದ್ದಕ್ಕೆ ಎದುರಿನವರು ಸರ್ವೀಸನ್ನೇ ಬ್ಲಾಕ್ ಮಾಡಬಹುದು, ಮಾಮೂಲಿ ವಾಲಿಬಾಲಿನಲ್ಲಿ ಅದಿಲ್ಲ. ತಳ್ಳು, ಎತ್ತು, ತಳ್ಳು, ಎತ್ತು. ಸ್ವಲ್ಪ ಹೊತ್ತಿಗೇ ಭುಜ ಬಿದ್ದು ಹೋಗುತ್ತದೆ.

ಆದರೆ ಈ ತಳ್ಳುವ ಕೆಲಸ ಇದೆಯಲ್ಲ, ಅದು ನನಗೆ ಹೊಸದಲ್ಲ. ಕ್ಯಾಲಿಪರ್ ಸಿಗುವ ತನಕ ನಾನು ಮನೆಯಿಂದ ಕಣಕ್ಕೆ, ಕಣದಿಂದ ಶಾಲೆಗೆ ಹೋಗುತ್ತಿದ್ದುದೇ ಹಾಗೆ. ಅವ್ವ ನೋಡಿದಾಗೆಲ್ಲಾ ಕಣ್ಣು ಒರೆಸಿಕೊಳ್ಳೋಳು. ಅದನ್ನು ಮರೆಯಬೇಕು ಅಂತ ಎಷ್ಟೋ ವರ್ಷ ಪ್ರಯತ್ನಪಟ್ಟಿದ್ದೆ. ಇಲ್ಲಿ ನೋಡಿದರೆ ಬೈಕಿನ ಹುಡುಗರು ಒಂದು ಮೊಳ ಸರಿಯುವಷ್ಟರಲ್ಲಿ ನಾನು ಮೂಲೆಯಿಂದ ಮೂಲೆಗೆ ಹೋಗಿರುತ್ತಿದ್ದೆ. ‘ಅಣ್ಣ, ಅದೆಂಗೆ ಹಂಗ್ ಹೋಗ್ತೀಯ, ನಮ್ಗೂ ಹೇಳ್ಕೊಡು’ ಅಂತ ಅರಸೀಕೆರೆಯ ಹುಡುಗನೊಬ್ಬ ಕೇಳಿದ. ಅಂಗೈ ಪೂರ್ತಿ ಊರಬೇಡ, ಬೆರಳ ಬುಡಕ್ಕೆ ಭಾರ ಹಾಕು, ಸೊಂಟ ಹಿಂದೆ ಬರಲಿ ಅಂತ ತೋರಿಸಿಕೊಟ್ಟೆ. ತೆವಳುವುದನ್ನು ನನ್ನ ಹತ್ತಿರ ಕಲಿಯೋಕೆ ಬಂದವನು ಅವನೊಬ್ಬನೇ ಇರಬೇಕು.

ಇನ್ನೊಂದು ಮಜಾ ಕೇಳಿ. ಸರ್ವೀಸ್ ಮಾಡುವಾಗ ಕುಂಡಿ ಗೆರೆಯ ಹಿಂದಿದ್ದರೆ ಸಾಕು. ಕಾಲು ಅಂಕಣದ ಒಳಗೆ ಚಾಚಿದ್ದರೂ ಫೌಲಲ್ಲ. ಯಾರು ಯಾವ ಜಾಗದಲ್ಲಿದ್ದಾರೆ ಅಂತ ನೋಡುವುದೂ ಕುಂಡಿಯಿಂದಲೇ. ಡ್ರೈವರಣ್ಣ ಗಟ್ಟಿಯಾಗಿ ನಕ್ಕು, ‘ಅಂದ್ರೆ ಇಲ್ಲಿ ಕಾಲೇ ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂದರು. ನನಗೆ ಆ ಮಾತಿಗೆ ನಗು ತಡೆಯೋಕೆ ಆಗದೆ ಒಂದು ಸರ್ವೀಸ್ ನೆಟ್ಟಿಗೆ ಹೋಯಿತು. ಬೈಸಿಕೊಂಡೆ. ಬೈದವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ‘ನೋಡ್ಕೊಂಡು ಹೊಡಿ ಅಣ್ಣ, ಸುಮ್ನೆ ಪಾಯಿಂಟ್ ಬಿಟ್ಕೊಡ್ತೀಯ’ ಅಂದ. ಇಷ್ಟು ವರ್ಷದಲ್ಲಿ ಆಟದ ವಿಷಯಕ್ಕೆ ನನ್ನನ್ನು ಯಾರೂ ಬೈದಿರಲಿಲ್ಲ ಸ್ವಾಮಿ.

ಮಧ್ಯಾಹ್ನ ಪಲಾವ್, ಮೊಸರು ಬಜ್ಜಿ. ಉಣ್ಣುತ್ತಾ ಮೇಷ್ಟ್ರು ಗಿರೀಶ್ ವಿಷಯ ತೆಗೆದರು. ಅರಕಲಗೂಡು ತಾಲ್ಲೂಕು ಹೊಸನಗರದ ಎಚ್.ಎನ್. ಗಿರೀಶ್. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದಿದ್ದು ಒಂದೇ ಪದಕ, ಅದು ಎತ್ತರ ಜಿಗಿತದಲ್ಲಿ ಇವರು ಗೆದ್ದ ಬೆಳ್ಳಿ. ಹಾರಿದ್ದು 1.74 ಮೀಟರ್. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ಡೆಲಾನಾ ಹಾರಿದ್ದೂ ಅಷ್ಟೇ. ಯಾರು ಎಷ್ಟು ಸಲ ಪಟ್ಟಿ ಬೀಳಿಸಿದರು ಅನ್ನುವ ಲೆಕ್ಕದಲ್ಲಿ ಚಿನ್ನ ಅತ್ತ ಹೋಯಿತು. ‘ಇಬ್ರಿಗೂ ಕೊಟ್ಬಿಡಬಹುದಿತ್ತಲ್ಲಾ ಸಾ’ ಅಂತ ಒಬ್ಬ ಹುಡುಗ ಅಂದ. ‘ಯಾಕ್ ಕೊಡ್ಬೇಕು? ಆಟ ಅಂದ್ಮೇಲೆ ಲೆಕ್ಕ ಇರ್ಬೇಕಪ್ಪ’ ಅಂದರು ಡ್ರೈವರಣ್ಣ, ಬೆಳಗಿನಿಂದ ಎಲ್ಲರಿಗಿಂತ ಜಾಸ್ತಿ ಫೌಲು ಮಾಡಿದವರು.

ಊಟದ ಮೇಲೆ ಮ್ಯಾಚು. ಕಾಲೇಜಿನ ಹುಡುಗರು ಮೂವರು ಜನ ಸಾಲದ್ದಕ್ಕೆ ಸೇರಿಕೊಂಡರು. ಕೈಕಾಲು ಸರಿ ಇರುವವರಿಗೆ ದೊಡ್ಡ ಪಂದ್ಯಗಳಲ್ಲಿ ಜಾಗವಿಲ್ಲ, ಅಭ್ಯಾಸಕ್ಕೆ ಅಡ್ಡಿಯಿಲ್ಲ. ಪಾಪ, ಕಾಲನ್ನು ಎಲ್ಲಿಡಬೇಕು ಅನ್ನುವುದೇ ಅವರಿಗೆ ದೊಡ್ಡ ಸಮಸ್ಯೆಯಾಯಿತು. ಅವರ ಕಡೆಗೇ ಬಾಲ್ ಹಾಕಿ ಅಂತ ನಾನು ನಮ್ಮವರಿಗೆ ಕಣ್ಣು ಹೊಡೆದೆ. ಮೈಕ್ ಹಿಡಿದು ಕಲಿತ ವಿದ್ಯೆ ಕೊನೆಗೂ ಕೆಲಸಕ್ಕೆ ಬಂತು.

ಎರಡು ಸೆಟ್ ಒಂದೊಂದಾಯಿತು. ಮೂರನೆಯದು ಹದಿನೈದರ ಸೆಟ್ಟು. 13–14, ನಾವು ಹಿಂದೆ. ಡ್ರೈವರಣ್ಣ ಎದುರು ಟೀಮಿನಲ್ಲಿ. ಅವರ ಸರ್ವೀಸ್ ನನ್ನ ಕಡೆಗೇ ಬಂತು. ಎತ್ತಿದೆ, ಅವತ್ತಿನ ದಿನಕ್ಕೆ ಅದೊಂದು ಚೆನ್ನಾಗಿ ಎದ್ದಿತು. ಅರಸೀಕೆರೆಯ ಹುಡುಗ ಬೂಸ್ಟ್ ಕೊಟ್ಟ. ಮುಂದಕ್ಕೆ ತಳ್ಳಿಕೊಂಡು ಹೋಗಿ ನಾನೇ ಬೆರಳ ತುದಿಯಲ್ಲಿ ಅವರ ಹಿಂದಿನ ಮೂಲೆಗೆ ಜಾರಿಸಿದೆ. ಬಾಲ್ ಗೆರೆಯ ಹತ್ತಿರ ಬಿತ್ತು.

‘ಔಟ್!’ ಅಂದರು ಡ್ರೈವರಣ್ಣ. ನಾನು ‘ಗೆರೆ ಮೇಲೆ!’ ಅಂದೆ. ಮೇಷ್ಟ್ರು ಈ ಕಡೆ ಇದ್ದರು, ಅವರಿಗೆ ಸರಿಯಾಗಿ ಕಾಣಲಿಲ್ಲ. ಲೈನಿಗೆ ನಿಂತ ಹುಡುಗ ಮೊಬೈಲ್ ನೋಡುತ್ತಿದ್ದ. ಇನ್ನೇನು, ಎರಡೂ ಕಡೆಯವರು ನೆಟ್ಟಿನ ಹತ್ತಿರಕ್ಕೆ ತಳ್ಳಿಕೊಂಡು ಬಂದು ಬಾಯಿ ಮಾಡಿದ್ದೇ ಮಾಡಿದ್ದು. ನಾನೂ ಬಿಡಲಿಲ್ಲ. ಗಂಟಲು ಕಟ್ಟುವಷ್ಟು ಕೂಗಾಡಿದೆ. ‘ಹೋಗ್ಲಿ ಬಿಡ್ರೋ, ಪಾಪ ಅವರಿಗೊಂದು ಪಾಯಿಂಟ್ ಕೊಡಿ’ ಅಂತ ಆ ಹಾಲಿನಲ್ಲಿ ಒಬ್ಬರೂ ಅನ್ನಲಿಲ್ಲ. ಕೊನೆಗೆ ಮೇಷ್ಟ್ರು ಔಟ್ ಕೊಟ್ಟರು. ನಾವು ಸೋತೆವು.

ಡ್ರೈವರಣ್ಣ ಈಗ ಆಗಾಗ ಅಂಗಡಿಗೆ ಬರುತ್ತಾರೆ. ಯಾವುದಾದರೂ ಕಾಗದ ಜೆರಾಕ್ಸ್ ಮಾಡಿಸುವ ನೆಪ. ಕಾಸು ಕೊಡುವಾಗ ‘ಆ ಬಾಲ್ ಔಟು ಕಣಯ್ಯ’ ಅಂತ ಒಂದು ಸಲ ಅಂದೇ ಹೋಗುತ್ತಾರೆ. ಗಿರಾಕಿಗಳು ನಿಂತಿದ್ದರೂ ಸರಿ, ಬಿಡಲ್ಲ.

ನಾನೂ ಬಿಡಲ್ಲ. ಬಾಲ್ ಗೆರೆ ಮೇಲೇ ಬಿದ್ದಿದ್ದು.