ಅಮ್ಮನ ಮುಂಗೈಯ ಮೇಲಿನ ನೇರಳೆ ಕಲೆ

14 ಡಿಸೆಂಬರ್ 2023, ಗುರುವಾರ

ಇಂದು ಬೆಳಿಗ್ಗೆ ಅಮ್ಮನ ಕೈ ಒರೆಸುತ್ತಿದ್ದಾಗ ಬಲ ಮುಂಗೈಯ ಮೇಲೆ ಹೆಬ್ಬೆರಳಿನಗಲದ ಹೊಸದೊಂದು ಕಡುನೇರಳೆ ಕಲೆ ಕಂಡಿತು. ಎಲ್ಲಿಯೂ ತಾಗಿಸಿಕೊಂಡ ನೆನಪು ಅವಳಿಗಿಲ್ಲ, ನೋವೂ ಇಲ್ಲ. "ನನ್ನ ರಕ್ತವೇ ಕೆಟ್ಟುಹೋಗಿದೆ ಕಣೋ" ಎಂದಳು. ಕಳೆದ ತಿಂಗಳ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯೂ ರಕ್ತ ಹೆಪ್ಪುಗಟ್ಟುವ ಅವಧಿಯೂ ಸರಿಯಾಗಿಯೇ ಇದ್ದವು. ಕೆಟ್ಟಿರುವುದು ರಕ್ತವಲ್ಲ, ರಕ್ತನಾಳಗಳಿಗಿದ್ದ ಆಸರೆ ಎಂಬುದನ್ನು ಅವಳಿಗೆ ತಿಳಿಸಿ ಹೇಳಲು ಅರ್ಧ ದಿನವೇ ಹಿಡಿಯಿತು.

ಚರ್ಮದ ಹೊರಪದರದಲ್ಲಿ ರಕ್ತನಾಳಗಳಿಲ್ಲ. ಅದರ ಕೆಳಗಿನ ಒಳಚರ್ಮದಲ್ಲಿ ಎರಡು ಬಲೆಗಳಂತೆ ಅವು ಹರಡಿಕೊಂಡಿದ್ದು, ಮೇಲಿನ ಬಲೆಯಿಂದ ಕೂದಲಿಗಿಂತಲೂ ತೆಳುವಾದ ಲೋಮನಾಳಗಳು ಕುಣಿಕೆಗಳಾಗಿ ಮೇಲೆದ್ದು ಹೊರಪದರಕ್ಕೆ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುತ್ತವೆ. ವಯಸ್ಸಾದಂತೆ ಎರಡು ಪದರಗಳು ಕೂಡುವಲ್ಲಿದ್ದ ಏರುತಗ್ಗುಗಳು ಸಪಾಟಾಗಿ, ಕುಣಿಕೆಗಳು ಕುಗ್ಗಿ, ಎಷ್ಟೋ ಕಡೆ ಇಲ್ಲವೇ ಆಗುತ್ತವೆ. ಮುದಿಚರ್ಮ ಬಿಳಿಚಿಕೊಳ್ಳುವುದಕ್ಕೂ ಸಣ್ಣ ತರಚುಗಾಯ ಮಾಯಲು ವಾರಗಟ್ಟಲೆ ಹಿಡಿಯುವುದಕ್ಕೂ ಇದೊಂದು ಮುಖ್ಯ ಕಾರಣ.

ನಾಳಗಳನ್ನು ಸುತ್ತಲಿಂದ ಹಿಡಿದಿಟ್ಟುಕೊಳ್ಳುವ ಕೊಲಾಜನ್ ನಾರುಗಳೂ ಚರ್ಮದಡಿಯ ಕೊಬ್ಬೂ ಕರಗಿದಾಗ, ಬಾಗಿಲಿಗೆ ಕೈ ಸವರಿದಷ್ಟಕ್ಕೇ ನಾಳವೊಂದು ಹರಿದು ರಕ್ತ ಒಸರುತ್ತದೆ. ಬ್ರಿಟಿಷ್ ವೈದ್ಯ ಥಾಮಸ್ ಬೇಟ್‌ಮನ್ 1818ರಲ್ಲಿಯೇ ಇಂಥ ಕಲೆಗಳನ್ನು ವಿವರಿಸಿದ್ದರು. ಇದರಲ್ಲಿ ವಯಸ್ಸಿಗಿಂತ ಬಿಸಿಲಿನ ಪಾಲೇ ದೊಡ್ಡದಿರಬೇಕೆಂದು ನನಗೆ ತೋರುತ್ತದೆ; ಏಕೆಂದರೆ ಅಷ್ಟೇ ವಯಸ್ಸಿನ ಚರ್ಮವಾದರೂ, ಬಿಸಿಲನ್ನೇ ಕಾಣದ ಅವಳ ತೋಳಿನ ಒಳಮೈಯಲ್ಲಿ ಒಂದು ಕಲೆಯೂ ಇಲ್ಲ. ರಕ್ತ ತೆಳುವಾಗಿಸುವ ಔಷಧಿ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಇವು ಇನ್ನೂ ಹೆಚ್ಚು. ಏಟು ಬಿದ್ದ ಕಡೆಯ ಕಲೆ ಸಾಮಾನ್ಯವಾಗಿ ಹಸಿರು, ಹಳದಿಗೆ ತಿರುಗಿ ಮಾಯವಾಗುತ್ತದೆ. ಅಮ್ಮನ ಕಲೆಗಳು ಹಾಗಲ್ಲ: ಸೋರಿದ ರಕ್ತವನ್ನು ತೆರವುಗೊಳಿಸುವ ಜೀವಕೋಶಗಳು ಮಂದಗತಿಯಲ್ಲಿ ಕೆಲಸ ಮಾಡುವುದರಿಂದ ವಾರಗಳ ಕಾಲ ನೇರಳೆಯಾಗಿಯೇ ಉಳಿದು, ಹೋಗುವಾಗ ಕಬ್ಬಿಣಾಂಶದ ಕಂದು ಛಾಯೆಯನ್ನು ಬಿಟ್ಟುಹೋಗುತ್ತವೆ.

ಎದೆಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳೂ ಇವೆ. ಅವು ಲೋಮನಾಳಗಳು ಒಂದೆಡೆ ಗುಂಪಾಗಿ ಬೆಳೆದು ಆದವು, ನಿರುಪದ್ರವಿ.

ನನ್ನನ್ನು ಹೆಚ್ಚು ಕಾಡಿದ್ದು ಚಳಿಯ ಸಂಗತಿ. ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿಸಿ ಮೈಯ ಶಾಖವನ್ನು ಒಳಗೆ ಉಳಿಸಿಕೊಳ್ಳಬೇಕು, ಸೆಕೆಗೆ ಹಿಗ್ಗಿ ಅದನ್ನು ಹೊರಹಾಕಬೇಕು. ಮುಪ್ಪಿನಲ್ಲಿ ಈ ಎರಡೂ ಸ್ಪಂದನೆಗಳು ದುರ್ಬಲವಾಗುತ್ತವೆ. ಕೊಠಡಿ ಬೆಚ್ಚಗಿರುವಾಗಲೂ ಅವಳು ಹೊದಿಕೆ ಕೇಳಿದರೆ "ಎಲ್ಲಿದೆಯಮ್ಮ ಚಳಿ" ಎಂದು ಎಷ್ಟು ಸಲ ಗದರಿದ್ದೇನೆ! ಅವಳು ಹೇಳುತ್ತಿದ್ದುದು ನಿಜವೇ ಆಗಿತ್ತು.

ಸಂಜೆ ಅವಳನ್ನು ಮಂಚದಿಂದ ಎಬ್ಬಿಸಲು ಎಂದಿನಂತೆ ಮುಂಗೈ ಹಿಡಿದಾಗ, ನನ್ನ ಹೆಬ್ಬೆರಳು ಸರಿಯಾಗಿ ಆ ಕಲೆಯ ಮೇಲೆಯೇ ಕುಳಿತಿತು. ಕೈ ಬಿಟ್ಟೆ. ಬೆನ್ನಿಗೆ ತೋಳು ಕೊಟ್ಟು ನಿಧಾನವಾಗಿ ಎಬ್ಬಿಸಿದೆ.